ಎರಡು ಗಂಟೆಗೆ ಆರುವ ದೀಪ

"ನೋಡಿ, ಮತ್ತೆ ಆರಿಸಿದ್ದಾಳೆ! ಇವತ್ತು ಸಂಜೆಯೊಳಗೆ ಇವಳು ಈ ಮನೆಯಿಂದ ಹೋಗ್ಬೇಕು!"

ಮೇಷ್ಟ್ರ ಅಕ್ಕನ ಕೂಗಿಗೆ ದರ್ಜಿಯಮ್ಮ ಸೂಜಿಯನ್ನು ಬಟ್ಟೆಗೇ ಚುಚ್ಚಿಟ್ಟು ಓಡಿದಳು. ಆ ಆರೈಕೆ ಮನೆಯಲ್ಲಿ ಅವಳದು ಮೇಷ್ಟ್ರ ಪಕ್ಕದ ಕೋಣೆ. ಹಿಂದೆಯೇ ಲೈನ್‌ಮನ್ ಅಜ್ಜ ಕೋಲೂರುತ್ತ ಬಂದರು. ಕಳೆದ ಕನ್ನಡಕದಿಂದ ಹಿಡಿದು ಕದ್ದ ಬಿಸ್ಕತ್ತಿನವರೆಗೆ ಅಲ್ಲಿಯ ಗುಟ್ಟುಗಳೆಲ್ಲ ರಟ್ಟಾಗುತ್ತಿದ್ದದ್ದು ಅವರಿಂದಲೇ.

ಪಾರ್ಶ್ವವಾಯು ಮೇಷ್ಟ್ರ ಕೈಯನ್ನೂ ಮಾತನ್ನೂ ಕಸಿದಿತ್ತು. ಗದ್ದದಿಂದ ಜಾಯ್‌ಸ್ಟಿಕ್ ಆಡಿಸಿ ಟ್ಯಾಬ್ಲೆಟ್‌ನಲ್ಲಿ ಅಕ್ಷರ ಆಯ್ದರೆ ಅದು ಅವರ ಪರವಾಗಿ ಮಾತಾಡುತ್ತಿತ್ತು. ಜಾಯ್‌ಸ್ಟಿಕ್ಕಿನ ಹಸಿರು ದೀಪ ಆರಿತೆಂದರೆ ಮೇಷ್ಟ್ರು ಮೂಕ. ವಾರದಿಂದ ಮಧ್ಯಾಹ್ನ ಎರಡು ಗಂಟೆಗೆ, ಅಕ್ಕ ಬರುವ ಹೊತ್ತಿಗೆ, ಅದು ಆರಿರುತ್ತಿತ್ತು. ನಿಮಿಷ ಕಳೆದರೆ ತಾನೇ ಹತ್ತಿಕೊಳ್ಳುತ್ತಿತ್ತು. ಅದೂ ಈ ನರ್ಸಮ್ಮನ ಪಾಳಿಯಲ್ಲಿ ಮಾತ್ರ. ಕೇಳಿದರೆ ಮೇಷ್ಟ್ರು "ಇವಳಲ್ಲ" ಎಂದಷ್ಟೇ ಹೇಳುತ್ತಿದ್ದರು. ಹೆದರಿ ಹೇಳುತ್ತಿದ್ದಾನೆ ಎಂದು ಅಕ್ಕನ ವಾದ. ನರ್ಸಮ್ಮ ಚೀಲ ಅವುಚಿಕೊಂಡು ಅಳುತ್ತಿದ್ದಳು.

ಅಜ್ಜ ಕೋಣೆಯಲ್ಲೆಲ್ಲ ಕಣ್ಣಾಡಿಸಿದರು. "ದರ್ಜಿಯಮ್ಮಾ, ಆ ಕಾಗದಗಳ ಮೇಲೆ ಔಷಧಿ ಬಾಟಲಿ ಯಾಕಿಟ್ಟಿದಾರೆ?"

"ಹಾರಬಾರದು ಅಂತ."

"ಕಿಟಕಿ ಮುಚ್ಚಿದೆ, ಮೇಲೆ ಫ್ಯಾನೂ ಇಲ್ಲ, ಗಾಳಿ ಎಲ್ಲಿಂದ ಬರುತ್ತೆ? ಟ್ಯಾಬ್ಲೆಟ್ಟಿನ ವೈರ್‌ಗೆ ಎರಡು ಬಾಯಿ ಇದೆ. ಒಂದರಲ್ಲಿ ಜಾಯ್‌ಸ್ಟಿಕ್. ಇನ್ನೊಂದು ಯಾರಿಗೆ?"

ದರ್ಜಿಯಮ್ಮ ಪೆಚ್ಚಾದಳು. ದಿನಾ ಬಂದು ಹೋಗುವ ಕೋಣೆ, ಅವಳ ಕಣ್ಣಿಗೆ ಇದ್ಯಾವುದೂ ಬಿದ್ದಿರಲಿಲ್ಲ.

ಮ್ಯಾನೇಜರ್ ಬಂದು ಎಲ್ಲರೂ ಸೇರಿದ ಮೇಲೆ ಅಜ್ಜ ಮೆಲ್ಲಗೆ ಹೇಳಿದರು. "ಚೀಲದಲ್ಲಿರೋದನ್ನ ತೆಗಿ, ತಾಯಿ. ಬೈದ್ರೆ ನಾನಿದೀನಿ."

ಹೊರಬಂದದ್ದು ಅಂಗೈಯಗಲದ ಫ್ಯಾನು. ಮನೆಯಿಂದ ಕರೆಂಟಿನ ಸಾಮಾನು ತರಬಾರದೆಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. "ಮೇಷ್ಟ್ರಿಗೆ ಬೆವರು ಒರೆಸ್ಕೊಳ್ಳೋಕೂ ಆಗಲ್ಲ ಸಾರ್," ಎಂದು ನರ್ಸಮ್ಮ ಬಿಕ್ಕಿದಳು.

ಅಜ್ಜ ಅದನ್ನು ಖಾಲಿ ಬಾಯಿಗೆ ಸಿಕ್ಕಿಸಿದರು. ಫ್ಯಾನು ಮೆಲ್ಲಗೆ ತಿರುಗುವಾಗ ಹಸಿರು ದೀಪ ಉಳಿಯಿತು. ಜೋರು ಮಾಡಿದೊಡನೆ ಆರಿತು.

"ಟ್ಯಾಬ್ಲೆಟ್ ಬಡಿಸೋ ಕರೆಂಟು ಒಂದೂವರೆ ಹೊಟ್ಟೆಗೆ ಸಾಕು, ಎರಡಕ್ಕೆ ಸಾಲಲ್ಲ. ಬಿಸಿಲೇರಿದ ಮೇಲೆ ಇವಳು ಫ್ಯಾನ್ ಜೋರು ಮಾಡ್ತಾಳೆ, ಜಾಯ್‌ಸ್ಟಿಕ್ ಉಪವಾಸ ಬೀಳುತ್ತೆ. ಅಕ್ಕನ ಚಪ್ಪಲಿ ಸದ್ದು ಕೇಳಿ ಫ್ಯಾನನ್ನ ಕಿತ್ತು ಬಚ್ಚಿಡ್ತಾಳೆ. ಜಾಯ್‌ಸ್ಟಿಕ್ ಎಚ್ಚರವಾಗೋಕೆ ಒಂದು ನಿಮಿಷ ಬೇಕು. ಆ ನಿಮಿಷದಲ್ಲೇ ಅಕ್ಕ ಒಳಗೆ ಬರೋದು! ಫ್ಯಾನ್ ಬಚ್ಚಿಡೋ ಗಾಬರೀಲಿ ಇವಳಿಗೂ ಇದು ಹೊಳೀಲಿಲ್ಲ. ಮೇಷ್ಟ್ರೇ, ನೀವು ಬಾಯಿಬಿಟ್ಟಿದ್ರೆ ಇವಳ ಕೆಲಸ ಹೋಗ್ತಿತ್ತು, ಅಲ್ವಾ?"

ಅಜ್ಜ ಫ್ಯಾನು ಕಿತ್ತರು. ನಿಮಿಷದ ಬಳಿಕ ಟ್ಯಾಬ್ಲೆಟ್ ನುಡಿಯಿತು: "ಹೌದು."

ಮ್ಯಾನೇಜರ್ ಫ್ಯಾನನ್ನೊಮ್ಮೆ ನೋಡಿ, "ಫ್ಯಾನ್ ಇರ್ಲಿ. ಇವಳೂ ಇರ್ಲಿ. ಗೋಡೆ ಪ್ಲಗ್ಗಿಗೆ ನಾನೇ ಚಾರ್ಜರ್ ಕೊಡ್ತೀನಿ," ಎಂದರು. ದರ್ಜಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಅಕ್ಕ ನರ್ಸಮ್ಮನ ಎರಡೂ ಕೈ ಹಿಡಿದುಕೊಂಡು, "ತಪ್ಪಾಯ್ತಮ್ಮ..." ಎಂದು ಶುರುಮಾಡಿದಳು.

ಮೇಷ್ಟ್ರ ಗದ್ದ ಅಲುಗಿತು. ಅಕ್ಷರಕ್ಕೆ ಅಕ್ಷರ ಕೂಡುವವರೆಗೆ ಎಲ್ಲರೂ ಕಾದರು.

"ಅಕ್ಕಾ, ಕ್ಷಮೆ ಆಮೇಲೆ ಕೇಳು. ಮೊದಲು ಫ್ಯಾನ್ ಹಾಕು. ಬೆಂದು ಹೋಗ್ತಿದೀನಿ."