ಮೀನು ಬಿಟ್ಟ ನಾಲ್ಕು ತಿಂಗಳು

ಅಂದು ಸುಪ್ರೀತಾಳಿಗೆ ಇದ್ದದ್ದು ಒಂದೇ ಕೆಲಸ. ಭಾಷಣಕಾರರನ್ನು ಸಭೆಗೆ ಪರಿಚಯಿಸಿ ಪಕ್ಕಕ್ಕೆ ಸರಿಯುವುದು. ಅದನ್ನೂ ಅವಳಿಂದ ನೆಟ್ಟಗೆ ಮಾಡಲಾಗಲಿಲ್ಲ. "ಈಗ ನಮ್ಮ ಗಿರಿಧರ್..." ಎಂದವಳು 'ನಮ್ಮ' ಎಂದದ್ದಕ್ಕೆ ತಾನೇ ಬೆಚ್ಚಿ, ಮುಂದಿನದೆಲ್ಲ ಮರೆತು, ಮೈಕನ್ನು ಅವನ ಕೈಗೆ ತುರುಕಿ ಬಂದು ಕೂತಳು. ಗಿರಿಧರ್ ತಲೆ ತಗ್ಗಿಸಿ ಮೀಸೆಯೊಳಗೇ ನಕ್ಕದ್ದನ್ನು ಕನ್ನಡ ಸಂಘದ ಸಭಾಂಗಣದಲ್ಲಿ ಬೇರೆ ಯಾರೂ ನೋಡಲಿಲ್ಲ. ಅವಳು ನೋಡಿದಳು. ಆ ನಗು ನೋಡಲೆಂದೇ ಅವಳು ಪ್ರತಿ ಶುಕ್ರವಾರ ಸಂಘಕ್ಕೆ ಬರುತ್ತಿದ್ದಳು.

ಅವನು ದಾವಣಗೆರೆಯವನು. ಕೊಲ್ಲಿ ನಾಡಿನ ಮನಾಮಾದ ಒಂದು ಲ್ಯಾಬಿನಲ್ಲಿ ಜೀನ್‌ಗಳ ಡೇಟಾ ನೋಡುವ ಕೆಲಸ. ಮೊಟ್ಟೆ ಕಂಡರೂ ಮೂರು ಹೆಜ್ಜೆ ದೂರ ಹೋಗುವ ಲಿಂಗಾಯತರ ಮನೆಯ ಹುಡುಗ. ಅವಳು ಮಲ್ಪೆಯ ಮೀನುಗಾರ ಮೊಗವೀರರ ಮಗಳು. ಅಪ್ಪ ಮೋಹನದಾಸರಿಗೆ ಅಲ್ಲೇ ಹತ್ತಿರದ ಟುಬ್ಲಿಯಲ್ಲಿ ಮೀನಿನ ಗೋದಾಮು, ಅಲ್ಲಿ ಹೋಟೆಲುಗಳ ಆರ್ಡರ್ ಬರೆದುಕೊಳ್ಳುವವಳು ಇವಳೇ. ಪ್ರೀತಿಗೆ ಬೇರೆ ಜಾಗವೇ ಸಿಗಲಿಲ್ಲ ನೋಡಿ.

ಅಂದಿನ ಭಾಷಣದ ವಿಷಯ ಇನುಯಿಟ್ ಜನ. ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಸಾವಿರಾರು ವರ್ಷ ಸೀಲ್, ತಿಮಿಂಗಿಲ, ಮೀನುಗಳನ್ನೇ ತಿಂದು ಬದುಕಿದವರು.

"ಅವರಿಗೆ ಮೀನಿನ ಕೊಬ್ಬು ರೆಡಿಯಾಗಿ ಸಿಗ್ತಿತ್ತು. ಹಾಗಾಗಿ ಮೈಯೊಳಗೆ ತಾನೇ ಅಂಥ ಕೊಬ್ಬು ತಯಾರಿಸೋ ಜೀನ್ ಅವರಲ್ಲಿ ನಿಧಾನದ್ದು" ಎಂದ ಗಿರಿಧರ್. "ತಲೆತಲಾಂತರದಿಂದ ಬೇಳೆ, ಸೊಪ್ಪು ತಿಂದ ಎಷ್ಟೋ ಜನರಲ್ಲಿ ಅದೇ ಜೀನಿನ ಇನ್ನೊಂದು ನಮೂನೆ, ಚುರುಕಿನದು. ಇನುಯಿಟ್ ಜನರನ್ನ ನೋಡಿ ಜಗತ್ತೇ ಫಿಶ್ ಆಯಿಲ್ ಕ್ಯಾಪ್ಸೂಲ್ ನುಂಗ್ತು. ಆದರೆ ಅವರ ಮೈಗೆ ಒಗ್ಗಿದ್ದು ಎಲ್ಲರ ಮೈಗೂ ಹಾಗೇ ಒಗ್ಗುತ್ತೆ ಅನ್ನೋಕಾಗಲ್ಲ."

ಕೊನೆಗೆ ಅವನು ನೇರ ಸುಪ್ರೀತಾಳ ಮುಖ ನೋಡಿದ. ನಗು ಇರಲಿಲ್ಲ.

"ಯಾರೂ ಯಾರಿಗೋಸ್ಕರವೂ ತಮ್ಮ ಊಟ ಬಿಡಬಾರದು. ಅವರವರ ತಟ್ಟೆ ಅವರವರಿಗೆ."

ಸಭೆ ಚಪ್ಪಾಳೆ ತಟ್ಟಿತು. ಸುಪ್ರೀತಾಳ ಕೈ ಮೇಲೇಳಲಿಲ್ಲ.

ಯಾಕೆಂದರೆ ಅವಳು ಮೀನು ಬಿಟ್ಟು ಅಂದಿಗೆ ನಾಲ್ಕು ತಿಂಗಳಾಗಿತ್ತು. ಅವನು ಕೇಳಿರಲಿಲ್ಲ. ಇಬ್ಬರೂ ಬಾಯಿಬಿಟ್ಟು ಏನನ್ನೂ ಹೇಳಿಕೊಂಡಿರಲಿಲ್ಲ. ಸಂಘ ಮುಗಿದ ಮೇಲೆ ಅವನು ಅವಳನ್ನು ಹೂರಾದ ಮನೆಯವರೆಗೆ ಕಾರಿನಲ್ಲಿ ಬಿಡುತ್ತಿದ್ದ, ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಇಬ್ಬರಿಗೂ ಖುಷಿ, ಅಷ್ಟೇ. ಆದರೆ ಒಂದು ದಿನ ಅವನು "ಮೀನಿನ ವಾಸನೆ ಬಂದ್ರೆ ನನಗೆ ಹೊಟ್ಟೆ ತೊಳೆಸುತ್ತೆ ಕಣ್ರೀ, ಏನ್ ಮಾಡ್ಲಿ, ಚಿಕ್ಕಂದಿನಿಂದ ಹಾಗೇ" ಎಂದಿದ್ದ. ಅವಳು ಮನೆಗೆ ಬಂದು ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿಯ ಬಟ್ಟಲು ಪಕ್ಕಕ್ಕೆ ಸರಿಸಿದಳು. ಆಮೇಲೆ ಮತ್ತೆ ಎಳೆದುಕೊಳ್ಳಲೇ ಇಲ್ಲ.

ಮೊಗವೀರರ ಮನೆಯಲ್ಲಿ ಮಗಳು ಮೀನು ಬೇಡ ಎಂದರೆ ಯಾರು ಸುಮ್ಮನಿರುತ್ತಾರೆ? ಅಪ್ಪ ಡಾಕ್ಟರಿಗೆ ತೋರಿಸುವ ಎಂದರು. ಅಮ್ಮ ಉಷಾಲತಾ ಹಣೆ ಮುಟ್ಟಿ ನೋಡಿದರು. ತಪ್ಪಿಸಿಕೊಳ್ಳಲು ಸುಪ್ರೀತಾ ಬಾಯಿಗೆ ಬಂದದ್ದು ಹೇಳಿದಳು. "ಹರಕೆ ಅಮ್ಮ. ಎಂತಕ್ಕೆ ಅಂತ ಕೇಳ್ಬೇಡಿ."

ಕೇಳಲಿಲ್ಲ. ಇಪ್ಪತ್ತೇಳು ತುಂಬಿದ ಹುಡುಗಿ ಗುಟ್ಟಾಗಿ ಹರಕೆ ಹೊತ್ತರೆ ಅದು ಮದುವೆಗಲ್ಲದೆ ಇನ್ಯಾತಕ್ಕೆ ಎಂದು ಅಮ್ಮನೇ ತೀರ್ಮಾನಿಸಿ, ಕಣ್ಣೊರೆಸಿಕೊಂಡು, ಊರಿಗೆ, ಮುಂಬಯಿಗೆ, ದುಬೈಗೆ ಫೋನು ಮಾಡಿದರು. ಮಗಳ ಹರಕೆ ವ್ಯರ್ಥವಾಗಬಾರದಲ್ಲ! ಶಾರ್ಜಾದಲ್ಲಿ ಒಳ್ಳೆಯ ಹುಡುಗ ಸಿಕ್ಕಿದ. ಬರುವ ಶುಕ್ರವಾರ ಅವನ ಮನೆಯವರು ನೋಡಲು ಬರುವವರಿದ್ದರು. ತಾನೇ ಹೇಳಿದ ಸುಳ್ಳು ತನ್ನ ಕೊರಳಿಗೇ ಬಂದಿತ್ತು. ಭಾಷಣದ ದಿನ ಗಿರಿಧರನಿಗೆ ಎಲ್ಲ ಹೇಳಿಬಿಡಬೇಕೆಂದೇ ಅವಳು ಹೊರಟು ಬಂದದ್ದು. ಅವನೋ, ಸಭೆಯ ಎದುರೇ ಅವರವರ ತಟ್ಟೆ ಅವರವರಿಗೆ ಎಂದುಬಿಟ್ಟ.

ನಿನ್ನ ಮೈ ಬೇರೆ, ನನ್ನ ಮೈ ಬೇರೆ. ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ? ಅವಳು ಟ್ಯಾಕ್ಸಿ ಹಿಡಿದು ಮನೆಗೆ ಹೋದಳು. ಅವನ ಫೋನು ಎತ್ತಲಿಲ್ಲ. "ಶುಕ್ರವಾರ ಬರಲಿ ಅಮ್ಮ" ಎಂದಳು. ಮೀನು ಮಾತ್ರ ಆಗಲೂ ತಿನ್ನಲಾಗಲಿಲ್ಲ. ಯಾರಿಗಾಗಿ ಬಿಟ್ಟಳೋ ಅವನೇ ಇಲ್ಲವಾದ ಮೇಲೂ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಮೇಲೆ ತನಗೇ ಸಿಟ್ಟು ಬಂತು.

ಬುಧವಾರ ಬೆಳಿಗ್ಗೆ ಗೋದಾಮಿನಲ್ಲಿ ಲಾರಿಯಿಂದ ಮೀನು ಇಳಿಸುವ ಹೊತ್ತು. ನೆಲವೆಲ್ಲ ಐಸು, ನೀರು. ಮೋಹನದಾಸರು ಅಂಜಲ್ ಮೀನಿನ ಕಿವಿರು ಎತ್ತಿ ನೋಡುತ್ತಿದ್ದರು. ಸುಪ್ರೀತಾ ರಬ್ಬರ್ ಬೂಟು ತೊಟ್ಟು ಲಿಸ್ಟ್ ಹಿಡಿದು ನಿಂತಿದ್ದಳು. ಶಟರಿನ ಬಳಿ ಯಾರೋ ಇಸ್ತ್ರಿ ಮಾಡಿದ ಅಂಗಿಯವನು ಗೋಡೆ ಹಿಡಿದು ನಿಂತಿದ್ದ. ಗಿರಿಧರ್! ಮುಖ ಬಿಳುಚಿತ್ತು, ಕಣ್ಣಲ್ಲಿ ನೀರು.

"ನೀವು ಎಂತ ಇಲ್ಲಿ? ಹೊರಗೆ ಹೋಗಿ ಮಾರಾಯ್ರೆ, ನಿಮಗೆ ಆಗುದಿಲ್ಲ!"

"ಆಗಲ್ಲ, ಗೊತ್ತು" ಎಂದವನು ಉಗುಳು ನುಂಗಿದ. "ಶುಕ್ರವಾರ ಶಾರ್ಜಾದವರು ಬರ್ತಾರಂತೆ. ಸಂಘಕ್ಕೆ ಬರೋ ಶಾಲೆಟ್ ಹೇಳಿದ್ರು, ನಿಮ್ಮಮ್ಮ ಅವರ ಹತ್ರ ಹೇಳಿದ್ರಂತೆ. ನೀವು ಯಾಕೆ ಹೇಳ್ಲಿಲ್ಲ?"

"ನೀವೇ ಹೇಳಿದ್ರಲ್ಲ, ಅವರವರ ತಟ್ಟೆ ಅವರವರಿಗೆ ಅಂತ. ಇನುಯಿಟ್‌ನವರದ್ದು, ಬೇಳೆ ಸೊಪ್ಪಿನವರದ್ದು, ಎಲ್ಲ ಬಿಡಿಸಿ ಹೇಳಿದ್ರಿ. ನನಗೆ ಅರ್ಥ ಆಗಿದೆ."

ಗಿರಿಧರ್ ಅವಳನ್ನೇ ನೋಡಿದ. "ಅಯ್ಯೋ ದೇವರೇ. ಅದನ್ನ ಹೀಗೆ ತಗೊಂಡ್ರಾ?"

"ಮತ್ತೆ ಹೇಗೆ ತಗೊಳ್ಳುದು?"

"ಮೊದಲೆಲ್ಲ ಕಾರಲ್ಲಿ ಕೂತ್ರೆ ಬಂಗುಡೆ, ಬೂತಾಯಿ ಅಂತ ಬಾಯಿ ತುಂಬ ಮಾತಾಡ್ತಿದ್ರಿ. ನಾಲ್ಕು ತಿಂಗಳಿಂದ ಮೀನಿನ ಮಾತೇ ಇಲ್ಲ. ಸಂಘದ ಊಟದಲ್ಲೂ ಬರೀ ಸಾರು ಅನ್ನ. ನನಗೋಸ್ಕರ ಬಿಟ್ರಿ ಅಂತ ಗೊತ್ತಾಯ್ತು, ಕೇಳೋಕೆ ಧೈರ್ಯ ಸಾಲಲಿಲ್ಲ. ಅದಕ್ಕೇ ಮೈಕಲ್ಲಿ ಹೇಳ್ದೆ. ನನಗೋಸ್ಕರ ಊಟ ಬಿಡ್ಬೇಡಿ ಅಂತ." ಒಮ್ಮೆ ಓಕರಿಸಿ, ಬಾಯಿಗೆ ಕರ್ಚೀಫು ಒತ್ತಿಕೊಂಡು ಮತ್ತೆ ತೆಗೆದ. "ಇನುಯಿಟ್ ಕಥೆ ನಡೆದಿದ್ದು ಸಾವಿರಾರು ವರ್ಷ, ತಿನ್ನೋಕೆ ಬೇರೇನೂ ಇಲ್ಲದ ಹಿಮದಲ್ಲಿ. ಮಲ್ಪೆಗೂ ದಾವಣಗೆರೆಗೂ ಮಧ್ಯೆ ಇರೋದು ಒಂದು ರಾತ್ರಿ ಬಸ್ಸು ಸುಪ್ರೀತಾ. ನಿಮ್ಮ ಜೀನು, ನನ್ನ ಜೀನು ಒಂದೇ ಇದ್ರೂ ಇರಬಹುದು. ನನ್ನ ವಾಂತಿಗೆ ಜೀನ್ ಕಾರಣ ಅಂತ ಹೇಳಿ ತಪ್ಪಿಸ್ಕೊಳ್ಳೋಕೂ ನನಗೆ ದಾರಿ ಇಲ್ಲ."

ಅವಳಿಗೆ ನಗು ಬಂತು, ಅಳು ಬಂತು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಲಿಸ್ಟನ್ನೇ ಮುದ್ದೆ ಮಾಡಿದಳು.

"ಹಾಗಾದ್ರೆ ಈಗ ಎಂತ ಹೇಳ್ತಾ ಇದ್ದೀರಿ? ಸರೀ ಹೇಳಿ."

"ನೀವಿಲ್ಲದೆ ನನ್ನ ಕೈಲಿ ಆಗಲ್ಲ ಅಂತ. ಮೀನು ತಿನ್ನೋಕೂ ಆಗಲ್ಲ. ಎರಡೂ ಆಗಲ್ಲ. ಇಷ್ಟೇ ಇರೋದು ನನ್ನ ಹತ್ರ."

ಅಷ್ಟು ಹೊತ್ತೂ ಮೋಹನದಾಸರು ಅಂಜಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಈಗ ಅದನ್ನು ಐಸಿನ ಮೇಲಿಟ್ಟು ಬಂದರು.

"ಮಗಾ, ಹರಕೆ ಅಂದದ್ದು ಇದಾ?"

ಸುಪ್ರೀತಾ ತಲೆ ತಗ್ಗಿಸಿದಳು. "ಹೌದು ಪಪ್ಪ. ಇವರಿಗೆ ಮೀನು ಆಗುದಿಲ್ಲ ಅಂತ."

ಅವರು ಮಗಳ ಕೈಯಿಂದ ಮುದ್ದೆಯಾದ ಲಿಸ್ಟು ತೆಗೆದುಕೊಂಡು ಬಿಡಿಸಿದರು. ಮೀನು ಮಾರಿಯೇ ಸಾಕಿದ ಮಗಳು. ಆಮೇಲೆ ಗಿರಿಧರನ ಕಡೆ ತಿರುಗಿದರು. "ನಿನ್ನ ತಾಯಿಗೆ ಗೊತ್ತುಂಟಾ?" ಎಂದರು.

"ಇಲ್ಲ ಅಂಕಲ್."

"ಈಗಲೇ ಹೇಳು, ನನ್ನೆದುರು. ಶಾರ್ಜಾದವರು ಇವತ್ತು ಟಿಕೆಟ್ ಮಾಡುವವರು. ಅವರಿಗೆ ನಾನು ಎಂತಾದರೂ ಹೇಳಬೇಕಲ್ಲ."

ಗಿರಿಧರ್ ಸ್ಪೀಕರ್ ಹಾಕಿದ. ದಾವಣಗೆರೆಯಲ್ಲಿ ಚೆನ್ನಮ್ಮ ಫೋನು ಎತ್ತಿದರು. ಅವನು ಸುತ್ತಿಬಳಸಲಿಲ್ಲ. ಹುಡುಗಿಯ ಹೆಸರು ಹೇಳಿದ. ಮೀನು ತಿನ್ನುವವರು ಎಂದ. ಆಕೆ ನನಗಾಗಿ ಬಿಟ್ಟಿದ್ದಾಳೆ, ನಾನು ಬಿಡಬೇಡ ಅಂದಿದ್ದೀನಿ ಎಂದ. ಲೈನ್ ಕಡಿದಿದೆಯೇ ಎಂದು ಸುಪ್ರೀತಾ ಪರದೆ ನೋಡಿದಳು. ಸೆಕೆಂಡುಗಳು ಓಡುತ್ತಿದ್ದವು.

"ನಿನ್ನ ದನಿ ಯಾಕೋ ಹಿಂಗೈತೆ ಗಿರೀ?"

"ಮೀನಿನ ಗೋದಾಮಿನಾಗೆ ನಿಂತೀನಿ ಅವ್ವ."

"ನೀನಾ?" ಚೆನ್ನಮ್ಮನ ಉಸಿರು ಕೇಳಿಸಿತು. "ಮೀನಿನ ಗಾಡಿ ಬೀದ್ಯಾಗೆ ಬಂದ್ರೆ ಒಳಗೋಡಿ ಬಾಗ್ಲು ಹಾಕ್ಕಂತಿದ್ದ ಹುಡುಗ." ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. "ನನ್ನ ಅಡಿಗೆಮನಿ ನನಗೆ ದೇವರ ಕ್ವಾಣಿ ಇದ್ದಂಗೆ ಕಣಪ್ಪ. ಹೂಂ ಅನ್ನಾಕೆ ಬಾಯಿ ಬರ್ತಿಲ್ಲ. ನೀನು ಅಲ್ಲಿ ನಿಂತೀಯ ಅಂದ್ಮ್ಯಾಲೆ ಬ್ಯಾಡ ಅನ್ನಾಕೂ ಬರ್ತಿಲ್ಲ. ನಾನೇನು ಮಾಡ್ಲೋ?"

ಮೋಹನದಾಸರು ಅಂಗಿಗೆ ಕೈ ಒರೆಸಿ ಫೋನಿನ ಹತ್ತಿರ ಬಾಗಿದರು.

"ಅಮ್ಮಾ, ನಾನು ಹುಡುಗಿಯ ತಂದೆ. ನನ್ನಿಂದಲೂ ಆಗುದಿಲ್ಲ. ಮಗಳು ನಾಲ್ಕು ತಿಂಗಳು ನನ್ನೆದುರು ಮೀನು ಬಿಟ್ಟು ಊಟ ಮಾಡಿದ್ದಾಳೆ. ಇದನ್ನು ಹೇಗೆ ತಡೆಯುದು ಅಂತ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದ್ದರೆ ಹೇಳಿ."

ಚೆನ್ನಮ್ಮ ಮೂಗು ಒರೆಸಿಕೊಂಡ ಸದ್ದು ಬಂತು.

"ನನಗೂ ಗೊತ್ತಿಲ್ಲ ಅಣ್ಣಾ" ಎಂದರು.

ಅಣ್ಣಾ ಎಂದದ್ದು ಆಕೆಗೂ ಕೇಳಿಸಿರಬೇಕು. ಆದರೆ ಹಿಂತೆಗೆದುಕೊಳ್ಳಲಿಲ್ಲ. ಮೋಹನದಾಸರು ಖಾಲಿ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತರು.

"ಆಗಲಿ ಅಕ್ಕ. ಶಾರ್ಜಾದವರಿಗೆ ಬರಬೇಡಿ ಅಂತ ಹೇಳ್ತೇನೆ. ಮುಂದಿನದು ಎಂತ ಮಾಡುದು ಅಂತ ನೀವೂ ಯೋಚನೆ ಮಾಡಿ, ನಾನೂ ಮಾಡ್ತೇನೆ."

ಸುಪ್ರೀತಾ ಬೆಳಗಿನಿಂದ ಮೀನು ಮುಟ್ಟಿದ ಕೈಯನ್ನು ತೊಳೆಯಬೇಕೆಂಬುದೂ ನೆನಪಾಗದೆ ಗಿರಿಧರನ ಕೈ ಹಿಡಿದಳು. ಮೀನಿನ ವಾಸನೆ ಅವನ ಮೂಗಿಗೆ ಬಡಿಯಿತು. ಅವನು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಆ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ.