ನೀರಡಿಯ ಬೆಚ್ಚಗಿನ ಕೈ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನನಗಾದದ್ದನ್ನು ಆದ ಹಾಗೇ ಹೇಳುತ್ತೇನೆ. ನಾನೂ ಅಕ್ಕನೂ ದೂರದ ದ್ವೀಪಗಳ ನಡುವೆ, ದೋಣಿಯಲ್ಲೇ ಉಂಡು ಮಲಗಿ ದಿನವೂ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದಾಳಕ್ಕೆ ಧುಮುಕುವ ಪ್ರವಾಸಕ್ಕೆ ಹೋಗಿದ್ದೆವು. ಒಂದು ಮಧ್ಯಾಹ್ನ ಆಳದಲ್ಲಿ ನೀರಿನ ಸೆಳೆತ ಜೋರಾಗಿ ನಾನು ಗುಂಪಿನಿಂದ ಬೇರಾದೆ. ಸುತ್ತ ಹಾಲಿನಂಥ ಮಬ್ಬು. ಸಿಲಿಂಡರಿನ ಗಾಳಿ ಮುಗಿಯುತ್ತಾ ಬಂದಿತ್ತು. ಜೀವ ಬಾಯಿಗೆ ಬಂತು.

ಆಗ ಯಾರೋ ನನ್ನ ಕೈ ಹಿಡಿದರು. ನಮ್ಮ ಗೈಡ್ ಬಂದನೆಂದುಕೊಂಡೆ. ಆಳದ ಆ ತಣ್ಣನೆಯ ನೀರಿನಲ್ಲೂ ಆ ಕೈ ಈಗಷ್ಟೇ ಹೊದಿಕೆಯೊಳಗಿಂದ ತೆಗೆದಂತೆ ಬೆಚ್ಚಗಿತ್ತು. ನನ್ನ ಉಸಿರಿನ ಗುಳ್ಳೆಗಳು ಗುಳುಗುಳು ಎಂದು ಮೇಲೇರುತ್ತಿದ್ದವು. ಕೈ ಹಿಡಿದವರ ಕಡೆಯಿಂದ ಒಂದು ಗುಳ್ಳೆಯೂ ಏಳಲಿಲ್ಲ. ಕೈ ನನ್ನನ್ನು ನಿಧಾನವಾಗಿ ಮೇಲಕ್ಕೆ ಕರೆದೊಯ್ದಿತು. ತಲೆ ಹೊರಬಂದಾಗ ದೋಣಿಯ ಏಣಿ ಎದುರಿಗೇ ಇತ್ತು.

ಮೇಲೆ ಹತ್ತಿದ್ದೇ ತಡ, ಅಕ್ಕ ತಬ್ಬಿಕೊಂಡು ಅತ್ತಳು. "ಎಲ್ಲಿ ಹಾಳಾಗಿ ಹೋಗಿದ್ಯೇ? ಅಮ್ಮಂಗೆ ಏನಂತ ಹೇಳ್ಬೇಕಿತ್ತು ನಾನು?" ಆ ಬೈಗುಳವೂ ಅಮೃತದಂತಿತ್ತು.

"ಗೈಡ್ ಕರ್ಕೊಂಡು ಬಂದ್ನಲ್ಲ," ಅಂದೆ.

ಗೈಡ್ ಹೊಸ ಸಿಲಿಂಡರ್ ಬಿಗಿದುಕೊಂಡು ಅಲ್ಲೇ ನಿಂತಿದ್ದ. "ನಾನಾ? ನಿಮ್ಮನ್ನ ಹುಡುಕೋಕೆ ಈಗ ಇಳಿಯೋನಿದ್ದೆ!"

ಬದುಕಿದೆಯಾ ಬಡಜೀವವೇ ಎಂದು ಬಿಸಿ ಚಹಾ ಕುಡಿದೆ. ದೋಣಿಯ ಅಡುಗೆಯವರು ಮಾತ್ರ ಏಣಿ ಎತ್ತಲು ಬಿಡಲಿಲ್ಲ. "ಎರಡು ತಲೆ ಎದ್ದಿದ್ದನ್ನ ನಾನೇ ಕಣ್ಣಾರೆ ನೋಡ್ದೆ. ತಡೀರಿ, ಇನ್ನೊಬ್ರು ಹತ್ಲಿ," ಎಂದರು.

ನಮ್ಮವರೆಲ್ಲ ದೋಣಿಯಲ್ಲೇ ಇದ್ದರು. ಆದರೂ ಏಣಿ ಸಂಜೆಯವರೆಗೆ ನೀರಿನಲ್ಲೇ ಇತ್ತು. ಎತ್ತಿ ಎಂದು ನಾನೂ ಹೇಳಲಿಲ್ಲ.