ಯಶೋಧರಾಳ ದನಿಗೆ ಡಬ್ಬಿಂಗ್ ಇಲ್ಲ

"ನನ್ನ ಹಾಡು ತೆಗೀರಿ. ಈಗಿಂದೀಗ ತೆಗೀರಿ."

ಶಹಾಪುರದ ಆ ಪುಟ್ಟ ಸ್ಟುಡಿಯೋದ ಬಾಗಿಲಲ್ಲಿ ನಿಂತೇ ಯಶೋಧರಾ ಹೇಳಿದಳು. ವಡಗೇರಾದಲ್ಲಿ ಟೀಚರ್ ಅವಳು. ಅಕ್ಕನ ಮದುವೆಯಲ್ಲಿ ಅವಳು ಹಾಡಿದ್ದು ಯೂಟ್ಯೂಬಿಗೆ ಬಂದಿತ್ತು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಆ ಮದುವೆಯ ವಿಡಿಯೋ ಮಾಡಿದ ಭೀಮರಾಯ ಎದ್ದು ನಿಂತ. ಸ್ಟುಡಿಯೋದ ಮಾಲೀಕನೂ ಅವನೇ. ವಾದಿಸಲಿಲ್ಲ. ಅವಳೆದುರೇ ವಿಡಿಯೋ ಅಳಿಸಿದ.

"ತಪ್ಪಾತ್ರಿ. ಕೇಳಬೇಕಿತ್ತು."

ಜಗಳಕ್ಕೆಂದೇ ಬಂದವಳಿಗೆ ಜಗಳವೇ ಸಿಗಲಿಲ್ಲ...

"ಇದರಾಗ ಬಾಳ ರೊಕ್ಕ ಬರ್ತಾವೇನು?"

ಅವನು ನಕ್ಕ. "ಯೂಟ್ಯೂಬು ಚಹಾಕ್ಕ ಸಾಲ್ತದ್ರಿ. ಮದುವಿ ಶೂಟಿಂಗು ಮನಿ ನಡಸ್ತದ. ಅಂಗಡಿಯವರ ಜಾಹೀರಾತು ಈ ಖೋಲಿ ಬಾಡಿಗಿ ಕಟ್ತದ. ಉಳಿದಿದ್ರಾಗ ಒಂದು ಸಿನಿಮಾ ಮಾಡಾಕತ್ತೀನಿ. ನಾಯಕಿ ಸಿಕ್ಕಿಲ್ಲ."

ಹೇಳುತ್ತ ಹೇಳುತ್ತ ಅವಳನ್ನೇ ನೋಡಿದ.

'ಎಷ್ಟು ಧೈರ್ಯ ಇವನಿಗೆ' ಅಂದುಕೊಂಡಳು. ಆದರೂ ಮುಂದಿನ ಭಾನುವಾರ ವನದುರ್ಗದ ಕೋಟೆಯಲ್ಲಿ, ಕ್ಯಾಮೆರಾದ ಮುಂದೆ ನಿಂತಿದ್ದಳು.

ಭಾನುವಾರಗಳು ಹಬ್ಬವಾದವು. ಬಿಸಿಲು ಏರಿದರೆ ಅವನು ಕ್ಯಾಮೆರಾ ಬಿಟ್ಟು ಅವಳಿಗೆ ಕೊಡೆ ಹಿಡಿಯುತ್ತಿದ್ದ. ಅವಳು ಬೇಕೆಂದೇ ಮಾತು ಮರೆಯುತ್ತಿದ್ದಳು... ಅವನು ಹತ್ತಿರ ಬಂದು ಹೇಳಿಕೊಡಲಿ ಎಂದು.

ಚಿತ್ರ ಮುಗಿದ ವಾರ, ರೊಟ್ಟಿ ಕಟ್ಟಿಕೊಂಡು ಸ್ಟುಡಿಯೋಕ್ಕೆ ಹೋದಳು. ಒಳಗೆ ಅವನು ಫೋನಿನಲ್ಲಿದ್ದ.

"ಹೌದ್ರಿ ಸರ್... ಆಕಿ ದನಿ ತೆಗೆದು ಬೆಂಗಳೂರಿನವರ ದನಿ ಹಾಕೋದು. ತಿಳೀತ್ರಿ. ನಿಮ್ಮ ಕಂಪನಿ ಸಿನಿಮಾ ಕೊಂಡ್ರ ನನ್ನ ಸ್ಟುಡಿಯೋನೂ ನಡೀತದ."

ಯಶೋಧರಾ ಬುತ್ತಿಯನ್ನು ಹೊಸ್ತಿಲಲ್ಲೇ ಇಟ್ಟು ತಿರುಗಿದಳು. 'ನನ್ನ ಮುಖ ಬೇಕು, ನನ್ನ ಮಾತು ಬೇಡವೇ?' ಆಮೇಲೆ ಅವನ ಫೋನು ಎತ್ತಲಿಲ್ಲ.

ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಖುರ್ಷೀದಬೇಗಂ ಬಂದಳು. ಚಿತ್ರಕ್ಕೆ ಬಟ್ಟೆ ಹೊಲಿದವಳು.

"ಇವತ್ತು ವನದುರ್ಗದಾಗ ನಿನ್ನ ಸಿನಿಮಾ ಅದ. ಬರಂಗಿಲ್ಲೇನು?"

"ನನ್ನ ದನಿ ಇಲ್ಲದ ಸಿನಿಮಾ ನನಗ್ಯಾಕ್ರಿ ಆಪಾ?"

"ಯಾರಂದ್ರು? ನಿನ್ನ ದನಿ ತೆಗೀಬೇಕಾಗ್ತದಂತಽ ಅಂವ ಬೆಂಗಳೂರಿನ ದೊಡ್ಡ ಕಂಪನಿಗೆ ಮಾರಲಿಲ್ಲ. ಅಂಗಡಿ ಅಂಗಡಿ ತಿರುಗಿ ಜಾಹೀರಾತು ಹಿಡದಾನ, ಟಿಕೆಟ್ ಮಾರ್‍ಯಾನ. ನಡಿ."

ಸಂಜೆ, ಕೋಟೆಗೋಡೆಯ ಬುಡದಲ್ಲಿ ಬಿಳಿ ಪರದೆ. ಮೊದಲು ಪಂಪ್‌ಸೆಟ್ಟಿನ ಜಾಹೀರಾತು, ಬಳೆ ಅಂಗಡಿಯದು, ಬೀಜದ ಅಂಗಡಿಯದು. ತಮ್ಮೂರ ಅಂಗಡಿ ಕಂಡರೆ ಜನ ಸಿಳ್ಳೆ ಹಾಕಿದರು. ಆಮೇಲೆ ಪರದೆಯ ಮೇಲೆ ಯಶೋಧರಾ ಬಾಯಿ ತೆರೆದಳು. ಅವಳದೇ ದನಿ... ಅವಳದೇ ಮಾತು.

"ನಮ್ಮಂಗಽ ಮಾತಾಡ್ತಾಳ ನೋಡ," ಎಂದಳು ಮುಂದೆ ಕೂತ ಮುದುಕಿ.

ಯಶೋಧರಾಳ ಕಣ್ಣು ತುಂಬಿ ಪರದೆ ಮಸುಕಾಯಿತು. ಎದ್ದು, ಪ್ರೊಜೆಕ್ಟರ್ ನಡೆಸುತ್ತಿದ್ದ ಭೀಮರಾಯನ ಹತ್ತಿರ ಹೋದಳು.

"ಫೋನಿನಾಗ ಹೌದ್ರಿ ಅಂದಿದ್ದು ಕೇಳೀನಿ."

"ಅಂದಿದ್ದೆ. ಮರುದಿನ ಒಲ್ಲೆ ಅಂದೆ."

"ಮರುದಿನ ಯಾಕ?"

ಭೀಮರಾಯ ತಲೆ ತಗ್ಗಿಸಿದ. "ರೊಕ್ಕದ ಆಸೆ ಆಗಿತ್ರಿ. ಸುಳ್ಳು ಯಾಕ ಹೇಳ್ಲಿ? ಆದ್ರ ನಿಮ್ಮ ಮುಖಕ್ಕ ಬ್ಯಾರೆ ದನಿ ಹಾಕಿ ನೋಡಿದೆ. ಕೇಳಾಕ ಆಗಲಿಲ್ಲ."

ಅವಳ ಸಿಟ್ಟು ಅಲ್ಲೇ ಕರಗಿತು.

"ಲುಕ್ಸಾನ ಆತೇನು?"

"ಇಲ್ಲ. ಸುರಪುರದವರು, ಯಾದಗಿರಿಯವರು ತಮ್ಮೂರಾಗೂ ತೋರಸಂತಾರ." ಅವಳತ್ತ ತಿರುಗಿದ. "ನನ್ನ ಜೋಡಿ ಬರ್ತೀರೇನ್ರಿ? ಸುರಪುರಕ್ಕಷ್ಟ ಅಲ್ಲ... ಜಲ್ಮಪೂರ್ತಿ."

"ಮೊದಲು ಆ 'ರಿ' ಬಿಡು."

ಅವನು ಉಸಿರೆಳೆದುಕೊಂಡ. "ಬರ್ತೀಯೇನು, ಯಶೋಧರಾ?"

"ಬರ್ತೀನಿ," ಎಂದು ಅವಳು ಅವನ ಕೈಗೆ ಕೈ ಸೇರಿಸಿದಳು.